ವೇಬ್ರಿಡ್ಜಿನಲ್ಲಿ ರಾತ್ರಿ ಪಾಳಿ

ಮೊದಲು ತುಂಬಿದ ಗಾಡಿ, ಆಮೇಲೆ ಖಾಲಿ ಗಾಡಿ,
ಅದರಲ್ಲಿ ಇದು ಕಳೆದರೆ ಉಳಿಯುವುದು ಕಬ್ಬು.
ಮಂಡ್ಯದ ಫ್ಯಾಕ್ಟರಿ ಗೇಟಿನ ಪಕ್ಕ
ತಗಡಿನ ಕೋಣೆಯಲ್ಲಿ ಹನ್ನೊಂದು ವರ್ಷ
ನಾನು ಕಲಿತ ಗಣಿತ ಇಷ್ಟೇ.

ರಾತ್ರಿ ಎರಡರ ಮೇಲೆ ಟ್ರಾಕ್ಟರು ಕಡಿಮೆ.
ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದು ಅಂಗಡಿಗೆ ಹೋಗುತ್ತೇನೆ.
ಬಾಗಿಲಿಲ್ಲದ, ಬೀಗವಿಲ್ಲದ, ಊದುಬತ್ತಿ ಹಚ್ಚದ ಅಂಗಡಿ.
ಎಂಬತ್ತೈದು ಪರ್ಸೆಂಟ್ ಕಡಿತ ಅನ್ನುತ್ತದೆ.
ಒಂದು ಮಸಾಲೆದೋಸೆ ಬೆಲೆಗೆ ಒಂದು ಸಾಮ್ರಾಜ್ಯ.
ಕೊಳ್ಳುತ್ತೇನೆ. ಆಡುವುದಿಲ್ಲ.
ನೂರ ನಲವತ್ತಮೂರು ಆಟ ನನ್ನ ಹೆಸರಲ್ಲಿ,
ಮುಟ್ಟಿರುವುದು ಹತ್ತೊಂಬತ್ತು.
"ಉಪ್ಪಿನಕಾಯಿ ಹಾಕ್ತಿದ್ದೀರಾ?" ಅನ್ನುತ್ತಾಳೆ ಸುಧಾಮಣಿ.

ಜಬೀವುಲ್ಲಾನ ಅಂಗಡಿ ಬೇರೆ ಥರ.
ಗುತ್ತಲು ರಸ್ತೆ, ಸೈಕಲ್ ಶಾಪಿನ ಮೆಟ್ಟಿಲ ಕೆಳಗೆ,
ಒಬ್ಬ ಒಳಗೆ ಹೋಗಬೇಕಾದರೆ ಒಬ್ಬ ಹೊರಗೆ ಬರಬೇಕು.
ಸೀಡಿಗೆ ದಿನಕ್ಕೆ ಹದಿನೈದು, ಭಾನುವಾರ ಇಪ್ಪತ್ತು,
ಅಡವಿಗೆ ಬಸ್ ಪಾಸು.
ಗೀರು ಬಿದ್ದಿದ್ದರೆ ಟೂತ್‌ಪೇಸ್ಟು ಸವರಿ,
ಬನಿಯನ್ನಿನ ಅಂಚಲ್ಲಿ ಉಜ್ಜಿ, ಬೆಳಕಿಗೆ ಹಿಡಿದು
"ಓಡ್ತದೆ ಹೋಗ್ಲಾ" ಅನ್ನುತ್ತಿದ್ದ.
ಓಡುತ್ತಿರಲಿಲ್ಲ. ಏಳನೇ ಹಂತದಲ್ಲಿ, ಸೇತುವೆ ಮೇಲೆ
ಕುದುರೆ ಒಂದು ಕಾಲೆತ್ತಿ ನಿಂತುಬಿಡುತ್ತಿತ್ತು.
ದುಡ್ಡು ವಾಪಸ್ ಕೇಳಿದರೆ ಟೀ ಕುಡಿಸುತ್ತಿದ್ದ.

ಇಲ್ಲಿ ಹಾಗಲ್ಲ, ನ್ಯಾಯ ಹೇಳಬೇಕು:
ಎರಡು ಗಂಟೆಯೊಳಗೆ ಹಿಡಿಸದಿದ್ದರೆ ಕಾಸು ವಾಪಸ್,
ಯಾಕೆ ಅಂತ ಕೇಳುವವರಿಲ್ಲ. ಟೀಯೂ ಇಲ್ಲ.
ಹೋದ ಮಳೆಗಾಲ ಸಿಡಿಲಿಗೆ ಲ್ಯಾಪ್‌ಟಾಪು ಸುಟ್ಟಿತು;
ಹೊಸದರಲ್ಲಿ ಪಾಸ್‌ವರ್ಡ್ ಒತ್ತಿದರೆ
ಬಿಟ್ಟ ಗುಹೆಯ ಬಾಯಲ್ಲೇ ಪಂಜು ಹಿಡಿದು ನಿಂತಿದ್ದೆ,
ಪಂಜಿನ ಎಣ್ಣೆ ಕೂಡ ಇಳಿದಿರಲಿಲ್ಲ.
ಯಾವ ದೇಶದ್ದೋ ಅಕ್ಕತಂಗಿಯರಿಬ್ಬರು
ಅಡುಗೆಮನೆಯಲ್ಲಿ ಕೂತು ಮಾಡಿದ ದೋಣಿಯ ಆಟ,
ಅದು ಆ ಮೆಟ್ಟಿಲ ಕೆಳಗೆ ಜನ್ಮದಲ್ಲಿ ಬರುತ್ತಿರಲಿಲ್ಲ.
ಅವನು ತರುತ್ತಿದ್ದುದು ಕಾರು, ಕ್ರಿಕೆಟ್ಟು, ಕೋವಿ;
ಅವೂ ಕಳ್ಳ ಕಾಪಿ. ಅದನ್ನೂ ತೂಕಕ್ಕೆ ಹಾಕಬೇಕಲ್ಲ.

ಆದರೆ ಕರಾರು ಓದಿದ್ದೇನೆ.
ಸ್ಲಿಪ್ ಬರೆಯುವವನಿಗೆ ಸಣ್ಣಕ್ಷರದ ಚಟ.
ಕೊಂಡದ್ದು ಆಟವಲ್ಲವಂತೆ, ಆಡಲು ಅನುಮತಿಯಂತೆ.
ಮಗಳು ಇಂಚರಾಳ ಹೆಸರಿಗೆ ಬರೆದುಕೊಡುವಂತಿಲ್ಲ.
ಯುಗಾದಿ ಹೊತ್ತಿಗೆ ರೇಸಿನ ಆಟವೊಂದು
ಅಂಗಡಿಯಿಂದಲೇ ಮಾಯ. ಅದರೊಳಗಿನ ಹಾಡುಗಳ ಹಕ್ಕು ಮುಗಿಯಿತಂತೆ.
ಕೊಂಡವರ ಬಳಿ ಇದೆ, ಸರಿ;
ಎಲ್ಲಿಯವರೆಗೆ ಅಂತ ಬರೆದಿಲ್ಲ.
ನೆಟ್ ಹೋದ ಒಂದು ರಾತ್ರಿ "ನೀವು ಯಾರು?" ಅಂತ ಕೇಳಿತು,
ನೂರ ನಲವತ್ತಮೂರರ ಯಜಮಾನನನ್ನ.

ಹುಚ್ಚಿಗೆ ಒಮ್ಮೆ ಲ್ಯಾಪ್‌ಟಾಪನ್ನು ಒಯ್ದು
ಅರವತ್ತು ಟನ್ ಹೊರುವ ಕಬ್ಬಿಣದ ಹಾಸಿನ ನಡುವೆ ಇಟ್ಟು ಬಂದೆ.
ಪರದೆಯಲ್ಲಿ ಸೊನ್ನೆ.
ಇಪ್ಪತ್ತು ಕೆಜಿಗಿಂತ ಕಡಿಮೆಯದನ್ನು
ಇದು ಲೆಕ್ಕಕ್ಕೇ ಇಡುವುದಿಲ್ಲ ಬಿಡಿ,
ಜಬೀವುಲ್ಲಾನ ಸೀಡಿ ಇಟ್ಟಿದ್ದರೂ ಸೊನ್ನೆಯೇ.
ಕೀಲಾರದ ಟ್ರಾಕ್ಟರು ಹಾರ್ನ್ ಹೊಡೆಯಿತು,
ಓಡಿಹೋಗಿ ಎತ್ತಿಕೊಂಡೆ.

ಅವನೀಗ ಅದೇ ಮೆಟ್ಟಿಲ ಕೆಳಗೆ ಮೊಬೈಲಿಗೆ ಗಾಜು ಅಂಟಿಸುತ್ತಾನೆ.
"ಆ ಅಂಗಡಿ ನಿನ್ನಂಗಡೀನ ನುಂಗ್ತಲ್ಲೋ" ಅಂದರೆ
"ನಂಗೂ ಒಂದು ಖಾತೆ ಮಾಡ್ಕೊಡು ಕಣ್ಲಾ" ಅಂದ.
ಮಾಡಿಕೊಟ್ಟೆ. ಈಗ ಅವನ ಹುಚ್ಚು ನನ್ನದನ್ನು ಮೀರಿದೆ.

ನಿನ್ನೆ ರಾತ್ರಿ ಮೂರೂ ಹತ್ತಕ್ಕೆ
ಪರದೆಯ ಮೂಲೆಯಲ್ಲಿ ಪೊಟ್ಟಣವೊಂದು ಮಿನುಗಿತು.
ಅವನ ಉಡುಗೊರೆ. ಅದೇ ಕುದುರೆ, ಅದೇ ಸೇತುವೆ.
ಕೆಳಗೆ ಇಂಗ್ಲಿಷಕ್ಷರದ ಕನ್ನಡ:
"ಸೋಮವಾರ ವಾಪಸ್ ತಂದ್ಕೊಡು. ಗೀರು ಬಿದ್ದಿದ್ರೆ ಐವತ್ತು."

ಆಡಿದೆ. ಏಳನೇ ಹಂತ. ಕುದುರೆ ನಿಲ್ಲಲಿಲ್ಲ.
ಆ ದಡದಲ್ಲಿ ಏನಿದ್ದೀತು ಅಂತ ಇಪ್ಪತ್ತು ವರ್ಷ ಯೋಚಿಸಿದ್ದೆ:
ಒಂದು ಹುಲ್ಲಿನ ದಿಬ್ಬ, ಮುಂದೆ ಇನ್ನೊಂದು ಸೇತುವೆ.

ಯಾವುದು ಹೆಚ್ಚು ತೂಗಿತು ಅಂತ ಕೇಳಬೇಡಿ.
ಹೊರಗೆ ಗಾಡಿ ಬಂದು ನಿಂತಿದೆ, ತುಂಬಿದ್ದು.
ಖಾಲಿಯಾಗಿ ವಾಪಸ್ ಬರಲಿ,
ಆಮೇಲೆ ಹೇಳುತ್ತೇನೆ.